ಮಳೆ ಬಂದರೆ ‘ಇಟ್’ ಯಾಕೆ ಬೇಕು? ಇಂಗ್ಲಿಷಿನ ಒಂದು ಪುಟ್ಟ ಸರ್ವನಾಮವನ್ನು ಬಳಸುವ ಬಗೆ

ದಾವಣಗೆರೆಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುವ ನನಗೆ ವರ್ಷವಿಡೀ ಎದುರಾಗುವ ಪ್ರಶ್ನೆ ಒಂದೇ. ಪಿಯುಸಿ ಹುಡುಗರು ಕೇಳುತ್ತಾರೆ, ಮಂಡಿಪೇಟೆಯ ಅಂಗಡಿಗಳಲ್ಲಿ ಲೆಕ್ಕ ಬರೆಯುವವರು ಕೇಳುತ್ತಾರೆ, ಚಿತ್ರದುರ್ಗದ ಕಡೆಯಿಂದ ಬರೆಯುವ ಓದುಗರೂ ಕೇಳುತ್ತಾರೆ: “ಸರ್, ‘ಇಟ್’ ಅಂದ್ರೆ ‘ಅದು’ ತಾನೇ? ಹಂಗಾದ್ರೆ ‘ಇಟ್ ಈಸ್ ರೇನಿಂಗ್’ ಅನ್ನೋದ್ರಾಗೆ ಆ ‘ಅದು’ ಯಾವ್ದು? ಮೋಡಾನಾ, ಆಕಾಶಾನಾ?”

ಬಹಳ ಒಳ್ಳೆಯ ಪ್ರಶ್ನೆ ಇದು. ಇದಕ್ಕೆ ಉತ್ತರ ತಿಳಿಯದೆಯೇ ಹತ್ತು ವರ್ಷ ಇಂಗ್ಲಿಷ್ ಓದಿ ಬಂದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಏಕೆಂದರೆ ಶಾಲೆಯಲ್ಲಿ ‘ಹಿ ಅಂದರೆ ಅವನು, ಶಿ ಅಂದರೆ ಅವಳು, ಇಟ್ ಅಂದರೆ ಅದು’ ಎಂದು ಪಟ್ಟಿ ಬಾಯಿಪಾಠ ಮಾಡಿಸಿ ಅಲ್ಲಿಗೇ ಬಿಟ್ಟಿರುತ್ತಾರೆ. ಆ ಪಟ್ಟಿ ತಪ್ಪಲ್ಲ. ಆದರೆ ‘ಇಟ್’ ಮಾಡುವ ಕೆಲಸದಲ್ಲಿ ‘ಅದು’ ಅನ್ನೋದು ಒಂದು ಪಾಲು ಮಾತ್ರ. ಉಳಿದ ಪಾಲನ್ನು ಇಲ್ಲಿ ಹಂತಹಂತವಾಗಿ ಹೇಳುತ್ತೇನೆ.

ಬೇಕಾಗುವ ಸಾಮಾನು ಕಡಿಮೆ. ಒಂದು ನೋಟ್‌ಬುಕ್ಕು, ಒಂದು ಪೆನ್ನು, ನೀವೇ ಇಂಗ್ಲಿಷಿನಲ್ಲಿ ಬರೆದು ಕಳಿಸಿದ ಹತ್ತು ಹಳೆಯ ವಾಟ್ಸಾಪ್ ಸಂದೇಶಗಳು. ಪ್ರತಿ ಹಂತ ಮುಗಿದ ಮೇಲೆ ಆ ಸಂದೇಶಗಳನ್ನು ಒಮ್ಮೆ ತೆರೆದು ನೋಡಿ. ಬೇರೆಯವರ ತಪ್ಪಿಗಿಂತ ನಮ್ಮ ತಪ್ಪೇ ಚೆನ್ನಾಗಿ ನೆನಪಿನಲ್ಲಿ ಉಳಿಯುತ್ತದೆ. ಒಂದೇ ದಿನ ಎಲ್ಲ ಮುಗಿಸಲು ಹೋಗಬೇಡಿ, ದಿನಕ್ಕೊಂದು ಹಂತ ಸಾಕು.

ಮುಂದೆ ಮತ್ತೆ ಮತ್ತೆ ಬರುವ ಮೂರು ವ್ಯಾಕರಣದ ಮಾತು ಗೊತ್ತಿರಲಿ. ಸರ್ವನಾಮ ಎಂದರೆ ಹೆಸರಿನ ಬದಲಿಗೆ ನಿಲ್ಲುವ ಪದ. ಕರ್ತೃ ಎಂದರೆ ಕೆಲಸ ಮಾಡುವವರು ಅಥವಾ ವಾಕ್ಯ ಯಾರ, ಯಾವುದರ ಬಗ್ಗೆ ಇದೆಯೋ ಅದು. ಕರ್ಮ ಎಂದರೆ ಆ ಕೆಲಸ ಯಾವುದರ ಮೇಲೆ ನಡೆಯಿತೋ ಅದು. ‘ನಾನು ಪುಸ್ತಕ ತಂದೆ’ ಎಂದಾಗ ನಾನು ಕರ್ತೃ, ಪುಸ್ತಕ ಕರ್ಮ.

ಹಂತ 1: ಮೊದಲ ಮಣೆ ಖಾಲಿ ಬಿಡಬೇಡಿ

ಕನ್ನಡದಲ್ಲಿ ‘ಬಂದೆ’ ಎಂದರೆ ಸಾಕು, ಬಂದದ್ದು ನಾನು ಎಂದು ಗೊತ್ತಾಗುತ್ತದೆ. ‘ಬಂದಳು’ ಎಂದರೆ ಅವಳು, ‘ಬಂತು’ ಎಂದರೆ ಅದು, ‘ಬಂದರು’ ಎಂದರೆ ಅವರು. ಯಾರು ಎಂಬುದನ್ನು ಕ್ರಿಯಾಪದದ ಬಾಲವೇ ಹೇಳಿಬಿಡುತ್ತದೆ. ಹಾಗಾಗಿ ನಾವು ಕರ್ತೃವನ್ನು ಆರಾಮಾಗಿ ಬಿಟ್ಟು ಮಾತಾಡುತ್ತೇವೆ. ‘ಊಟ ಆತಾ?’ ‘ಆತು.’ ‘ಎಲ್ಲಿಗೆ ಹೊಂಟ್ರಿ?’ ‘ಹರಿಹರಕ್ಕೆ.’ ಎಲ್ಲೂ ‘ನಾನು’, ‘ನೀವು’, ‘ಅದು’ ಇಲ್ಲ, ಆದರೂ ಏನೂ ಕೊರತೆಯಾಗಲಿಲ್ಲ.

ಇಂಗ್ಲಿಷಿನ ಕ್ರಿಯಾಪದಕ್ಕೆ ಆ ಬಾಲ ಇಲ್ಲ. ‘ಕೇಮ್’ ಎಂದರೆ ಬಂದೆ, ಬಂದ, ಬಂದಳು, ಬಂತು, ಬಂದರು, ಎಲ್ಲವೂ ಹೌದು. ಹಿಂದೊಂದು ಕಾಲದಲ್ಲಿ ಆ ಭಾಷೆಗೂ ಬಾಲಗಳಿದ್ದವು. ಶತಮಾನಗಳಲ್ಲಿ ಸವೆದು ಹೋಗಿ ಇವತ್ತು ‘ಗೋಸ್’, ‘ಕಮ್ಸ್’ ಎಂಬಲ್ಲಿ ಕೇಳುವ ಕೊನೆಯ ‘ಸ್’ನಂಥ ಚೂರುಪಾರು ಉಳಿದಿದೆ. ಬಾಲ ಹೋದ ಮೇಲೆ ಯಾರು ಎಂದು ಹೇಳುವ ಹೊಣೆ ಪೂರ್ತಿ ಕರ್ತೃವಿನ ಮೇಲೆ ಬಿತ್ತು. ಅದಕ್ಕೇ ಇಂಗ್ಲಿಷ್ ವಾಕ್ಯದಲ್ಲಿ ಕ್ರಿಯಾಪದದ ಹಿಂದಿನ ಜಾಗ ಖಾಲಿ ಇರಕೂಡದು.

ನನ್ನ ತರಗತಿಯಲ್ಲಿ ಇದನ್ನು ಊಟದ ಪಂಕ್ತಿಗೆ ಹೋಲಿಸುತ್ತೇನೆ. ಪಂಕ್ತಿಯ ಮೊದಲ ಮಣೆಯ ಮೇಲೆ ಯಾರಾದರೂ ಕೂತ ಹೊರತು ಇಂಗ್ಲಿಷ್ ಬಡಿಸಲು ಶುರು ಮಾಡುವುದಿಲ್ಲ. ಮನೆಯವರು ಯಾರೂ ಇಲ್ಲದಿದ್ದರೆ? ಆಗ ‘ಇಟ್’ ಅನ್ನು ಕರೆದು ಕೂರಿಸುತ್ತದೆ. ‘ಇಟ್ ಈಸ್ ರೇನಿಂಗ್’ನ ‘ಇಟ್’ ಮೋಡವೂ ಅಲ್ಲ, ಆಕಾಶವೂ ಅಲ್ಲ. ಅದು ಮಣೆ ತುಂಬಲು ಕೂತ ಪದ. ಅದಕ್ಕೆ ಅಲ್ಲಿ ಬೇರೆ ಅರ್ಥವಿಲ್ಲ.

ಈ ಹಂತದ ಅಭ್ಯಾಸ ಒಂದೇ. ಹಳೆಯ ಸಂದೇಶ ತೆರೆದು ಪ್ರತಿ ವಾಕ್ಯದ ಕ್ರಿಯಾಪದಕ್ಕೆ ಗೆರೆ ಎಳೆಯಿರಿ, ಅದರ ಹಿಂದೆ ಯಾರು ಕೂತಿದ್ದಾರೆ ನೋಡಿ. ‘ಈಸ್ ವೆರಿ ಕಾಸ್ಟ್ಲಿ’, ‘ವಾಸ್ ನೈಸ್’ ಎಂದು ಬರೆದಿದ್ದರೆ ಮಣೆ ಖಾಲಿ. ‘ಇಟ್ ಈಸ್ ವೆರಿ ಕಾಸ್ಟ್ಲಿ’ ಆಗಬೇಕು.

ಎಚ್ಚರ: ‘ಕಮ್’, ‘ಸಿಟ್’, ‘ಓಪನ್ ದ ಡೋರ್’ ಎಂಬ ಆಜ್ಞೆಗಳಿಗೆ ಈ ನಿಯಮ ಇಲ್ಲ. ಇಂಗ್ಲಿಷ್ ಮನೆಮಾತಾಗಿರುವವರು ಸಲಿಗೆಯ ಮಾತಿನಲ್ಲಿ ‘ಲುಕ್ಸ್ ಗುಡ್’ ಎಂದು ‘ಇಟ್’ ನುಂಗುವುದೂ ಉಂಟು. ನೀವು ಅರ್ಜಿ ಬರೆಯುವಾಗ, ಪರೀಕ್ಷೆ ಬರೆಯುವಾಗ, ಸಂದರ್ಶನದಲ್ಲಿ ಕೂತಾಗ ನುಂಗಬೇಡಿ.

ಹಂತ 2: ‘ಅದು’ ಎರಡು ಕೆಲಸ ಮಾಡುತ್ತದೆ, ಎರಡನ್ನೂ ಬೇರೆ ಮಾಡಿ

ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಇಳಿದ ನೆಂಟರಿಗೆ ಬೆರಳು ತೋರಿಸಿ ‘ಅದು ಕೋಟೆ’ ಎನ್ನುತ್ತೀರಿ. ಮುಂದುವರಿದು ‘ಅದಕ್ಕೆ ಏಳು ಸುತ್ತು’ ಎನ್ನುತ್ತೀರಿ. ಎರಡೂ ಕಡೆ ಒಂದೇ ‘ಅದು’, ಆದರೆ ಕೆಲಸ ಬೇರೆ. ಮೊದಲನೆಯದು ಬೆರಳು ತೋರಿಸುತ್ತದೆ. ಎರಡನೆಯದು ಆಗಲೇ ಮಾತಿಗೆ ಬಂದದ್ದನ್ನು ಹಿಡಿದು ಮುಂದೆ ಸಾಗುತ್ತದೆ. ಇಂಗ್ಲಿಷ್ ಇವೆರಡಕ್ಕೂ ಬೇರೆ ಬೇರೆ ಪದ ಇಟ್ಟಿದೆ. ಬೆರಳು ತೋರಿಸಿದರೆ ‘ದಟ್’, ಹತ್ತಿರದ್ದಾದರೆ ‘ದಿಸ್’. ಹಿಂದೆ ಹೇಳಿದ್ದನ್ನು ಹಿಡಿದರೆ ‘ಇಟ್’. ‘ದಟ್ ಈಸ್ ದ ಫೋರ್ಟ್. ಇಟ್ ಹ್ಯಾಸ್ ಸೆವೆನ್ ವಾಲ್ಸ್.’

ಬೆರಳಿನ ಪರೀಕ್ಷೆ ಮಾಡಿ ನೋಡಿ. ಮಾತಾಡುವಾಗ ಕೈ ತಾನಾಗಿ ಮೇಲೆದ್ದರೆ ‘ದಟ್’, ಕೈ ಸುಮ್ಮನಿದ್ದರೆ ‘ಇಟ್’. ಹತ್ತಕ್ಕೆ ಒಂಬತ್ತು ಸಲ ಇದು ಸರಿ ಹೋಗುತ್ತದೆ.

ಈಗ ನಮ್ಮವರು ಅತಿ ಹೆಚ್ಚು ಎಡವುವ ಜಾಗಕ್ಕೆ ಬರೋಣ. ಕನ್ನಡದಲ್ಲಿ ಕರ್ಮವನ್ನೂ ಬಿಡುತ್ತೇವೆ. ‘ಫಾರಂ ತುಂಬಿದ್ಯಾ?’ ‘ತುಂಬಿದೆ.’ ‘ಬಿಲ್ ತಂದ್ರಾ?’ ‘ತಂದೆ.’ ಇದನ್ನು ಹಾಗೇ ಎತ್ತಿಕೊಂಡು ‘ಯೆಸ್ ಸರ್, ಐ ಸಬ್ಮಿಟೆಡ್’, ‘ಐ ಬ್ರಾಟ್’, ‘ಐ ಲೈಕ್ಡ್’ ಎಂದು ನಿಲ್ಲಿಸುತ್ತೇವೆ. ಕೇಳುವವರಿಗೆ ಮಾತು ಅರ್ಧದಲ್ಲಿ ನಿಂತಂತೆ ಅನಿಸುತ್ತದೆ, ‘ಏನನ್ನು?’ ಎಂದು ಕಾಯುತ್ತಾರೆ. ‘ಐ ಸಬ್ಮಿಟೆಡ್ ಇಟ್’, ‘ಐ ಬ್ರಾಟ್ ಇಟ್’, ‘ಐ ಲೈಕ್ಡ್ ಇಟ್’ ಎಂದೇ ಮುಗಿಸಬೇಕು. ಈ ಒಂದು ತಪ್ಪು ತಿದ್ದಿಕೊಂಡರೆ ನಿಮ್ಮ ಇಂಗ್ಲಿಷ್ ವಾರದಲ್ಲಿ ಬೇರೆಯೇ ಆಗಿ ಕೇಳುತ್ತದೆ. ನಾನು ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಇದರ ಜೊತೆಗೇ ಇನ್ನೊಂದು. ‘ಸ್ವಿಚ್ ಆಫ್’, ‘ಟರ್ನ್ ಆನ್’, ‘ಫಿಲ್ ಅಪ್’, ‘ಗಿವ್ ಬ್ಯಾಕ್’, ‘ಥ್ರೋ ಅವೇ’ ಎಂಬ ಜೋಡಿ ಕ್ರಿಯಾಪದಗಳಲ್ಲಿ ‘ಇಟ್’ ನಡುವೆ ಕೂರುತ್ತದೆ. ‘ಸ್ವಿಚ್ ಆಫ್ ದ ಫ್ಯಾನ್’ ಸರಿ, ‘ಸ್ವಿಚ್ ದ ಫ್ಯಾನ್ ಆಫ್’ ಕೂಡ ಸರಿ. ಆದರೆ ‘ಇಟ್’ ಬಂದಾಗ ‘ಸ್ವಿಚ್ ಇಟ್ ಆಫ್’ ಒಂದೇ ದಾರಿ. ‘ಸ್ವಿಚ್ ಆಫ್ ಇಟ್’ ಎನ್ನುವಂತಿಲ್ಲ. ‘ಲುಕ್ ಅಟ್ ಇಟ್’, ‘ಲಿಸನ್ ಟು ಇಟ್’, ‘ವೇಟ್ ಫಾರ್ ಇಟ್’ ಮಾತ್ರ ಹೀಗೇ ಇರುತ್ತವೆ. ಅಲ್ಲಿ ‘ಇಟ್’ ಕೊನೆಯಲ್ಲೇ ಬರಬೇಕು. ಈ ಎಂಟನ್ನು ನೋಟ್‌ಬುಕ್ಕಿನಲ್ಲಿ ಬರೆದು ಗಟ್ಟಿಯಾಗಿ ಓದಿ, ಕಿವಿಗೆ ಕೂತರೆ ನಿಯಮ ಬೇಡ.

ಎಚ್ಚರ: ‘ಇಟ್’ ಬಿಡುವ ಹಾಗೆಯೇ ಬೇಡದ ಕಡೆ ಹಾಕುವ ಅಭ್ಯಾಸವೂ ನಮಗಿದೆ. ‘ಆ ಬಸ್ಸು, ಅದು ಲೇಟು’ ಎನ್ನುವ ಧಾಟಿಯಲ್ಲಿ ‘ದ ಬಸ್ ಇಟ್ ಈಸ್ ಲೇಟ್’ ಎನ್ನುತ್ತೇವೆ. ಮಣೆಯ ಮೇಲೆ ಬಸ್ಸು ಆಗಲೇ ಕೂತಿದೆ, ಅದೇ ಮಣೆಗೆ ‘ಇಟ್’ ಯಾಕೆ? ‘ದ ಬಸ್ ಈಸ್ ಲೇಟ್’ ಸಾಕು. ‘ದ ಬುಕ್ ವಿಚ್ ಐ ಬಾಟ್ ಇಟ್’ ಕೂಡ ಹೀಗೇ, ‘ವಿಚ್’ ಬಂದ ಮೇಲೆ ‘ಇಟ್’ ಏಳಬೇಕು: ‘ದ ಬುಕ್ ವಿಚ್ ಐ ಬಾಟ್’.

ಹಂತ 3: ಒಂದೋ ಹಲವೋ ನೋಡಿಕೊಳ್ಳಿ

‘ಐದು ಪುಸ್ತಕ ತಂದೆ, ಅದು ಮೇಜಿನ ಮೇಲೈತೆ’ ಎಂದು ಮಾತಿನಲ್ಲಿ ಸಲೀಸಾಗಿ ಹೇಳುತ್ತೇವೆ. ‘ಅವು ಅದಾವೆ’ ಎನ್ನುವಷ್ಟು ಕಟ್ಟುನಿಟ್ಟು ಯಾರೂ ಮಾಡುವುದಿಲ್ಲ. ಇಂಗ್ಲಿಷ್ ಇದನ್ನು ಒಪ್ಪುವುದಿಲ್ಲ. ಒಂದಕ್ಕೆ ‘ಇಟ್’, ಒಂದಕ್ಕಿಂತ ಹೆಚ್ಚಾದರೆ ‘ದೇ’, ಕರ್ಮದ ಜಾಗದಲ್ಲಿ ‘ದೆಮ್’. ‘ಐ ಬ್ರಾಟ್ ಫೈವ್ ಬುಕ್ಸ್. ದೇ ಆರ್ ಆನ್ ದ ಟೇಬಲ್.’

ಬಟ್ಟೆ ಅಂಗಡಿಯವರಿಗೆ ಇಲ್ಲೊಂದು ವಿಶೇಷ ಮಾತು. ಪ್ಯಾಂಟು ನಮಗೆ ಒಂದೇ, ಇಂಗ್ಲಿಷಿಗೆ ಅದು ಎರಡು ಕಾಲಿನ ಬಹುವಚನ. ‘ಟ್ರೌಸರ್ಸ್’, ‘ಜೀನ್ಸ್’, ‘ಶಾರ್ಟ್ಸ್’ ಎಲ್ಲಕ್ಕೂ ‘ದೇ’. ಗಿರಾಕಿಗೆ ‘ದೀಸ್ ಜೀನ್ಸ್ ಆರ್ ಕಾಟನ್. ದೇ ವಿಲ್ ಫಿಟ್ ಯು’ ಎನ್ನಬೇಕು. ಶರ್ಟು, ಸೀರೆ, ಪಂಚೆಗೆ ‘ಇಟ್’. ಕತ್ತರಿ, ಕನ್ನಡಕ ಪ್ಯಾಂಟಿನ ಗುಂಪಿಗೇ ಸೇರುತ್ತವೆ. ಇದಕ್ಕೆ ಉಲ್ಟಾ, ‘ಲಗೇಜ್’, ‘ಫರ್ನಿಚರ್’, ‘ಇನ್ಫರ್ಮೇಶನ್’ ಎಷ್ಟೇ ರಾಶಿ ಇದ್ದರೂ ‘ಇಟ್’.

ಹಂತ 4: ಮನುಷ್ಯರು, ಮಕ್ಕಳು, ದೇವರು

ಇಲ್ಲಿ ತಪ್ಪಿದರೆ ವ್ಯಾಕರಣ ಕೆಡುವುದಷ್ಟೇ ಅಲ್ಲ, ಎದುರಿನವರ ಮನಸ್ಸೂ ನೋಯುತ್ತದೆ. ನಿಧಾನವಾಗಿ ಓದಿ.

ಕನ್ನಡದಲ್ಲಿ ಮಗು ನಪುಂಸಕ ಲಿಂಗ. ‘ಮಗು ಅಳ್ತೈತೆ’, ‘ಕೂಸು ಮಲಗೈತೆ’ ಎನ್ನುತ್ತೇವೆ, ಅದರಲ್ಲಿ ಅಕ್ಕರೆಯೇ ಇದೆ. ನಮ್ಮ ಕಡೆಯ ಹಳ್ಳಿಗಳಲ್ಲಿ ‘ಅಕ್ಕ ಬಂತು’, ‘ಅವ್ವ ಹೇಳ್ತು’ ಎಂದು ಹೆಣ್ಣುಮಕ್ಕಳ ಬಗ್ಗೆಯೂ ಇದೇ ರೂಪದಲ್ಲಿ ಪ್ರೀತಿಯಿಂದ ಮಾತಾಡುವವರಿದ್ದಾರೆ. ಇಂಗ್ಲಿಷಿನ ‘ಇಟ್’ಗೆ ಈ ಅಕ್ಕರೆ ಇಲ್ಲ. ಗೊತ್ತಿರುವ ಮನುಷ್ಯರನ್ನು ‘ಇಟ್’ ಎಂದರೆ ವಸ್ತುವಿನಂತೆ ಕಂಡಂತೆ. ಆಫೀಸಿನ ಸಹೋದ್ಯೋಗಿ ತನ್ನ ಮಗುವಿನ ಫೋಟೋ ತೋರಿಸಿದಾಗ ‘ಇಟ್ ಈಸ್ ಸೋ ಕ್ಯೂಟ್’ ಎನ್ನುವ ಬದಲು ಹೆಸರು ಕೇಳಿ, ‘ಹಿ ಈಸ್’ ಅಥವಾ ‘ಶಿ ಈಸ್’ ಎನ್ನಿ. ಗಂಡೋ ಹೆಣ್ಣೋ ತಿಳಿಯದಿದ್ದರೆ ‘ದ ಬೇಬಿ ಈಸ್ ಸೋ ಕ್ಯೂಟ್’ ಎಂದರೆ ತೊಂದರೆಯಿಲ್ಲ.

ದೇವರಿಗೂ ನಾವು ‘ದೇವರು ಬಂತು’, ‘ದೇವರು ಹೊಂಡಕ್ಕೆ ಹೋತು’ ಎನ್ನುತ್ತೇವೆ. ಎರಡು ವರ್ಷಕ್ಕೊಮ್ಮೆ ನಡೆಯುವ ದಾವಣಗೆರೆಯ ದುಗ್ಗಮ್ಮನ ಜಾತ್ರೆಯ ಬಗ್ಗೆ ಪ್ರಬಂಧ ಬರೆಯಿರಿ ಎಂದರೆ ಮಕ್ಕಳು ಅಮ್ಮನಿಗೆ ‘ಇಟ್’ ಎಂದು ಬರೆದು ತರುತ್ತಾರೆ. ಅವಳು ದೇವಿ, ಇಂಗ್ಲಿಷಿನಲ್ಲಿ ‘ಶಿ’ ಆಗಬೇಕು. ಜಾತ್ರೆಗೆ ‘ಇಟ್’, ಗುಡಿಗೆ ‘ಇಟ್’, ದುಗ್ಗಮ್ಮನಿಗೆ ‘ಶಿ’.

ಪ್ರಾಣಿಗಳ ವಿಷಯದಲ್ಲಿ ಇಂಗ್ಲಿಷ್ ಸಡಿಲ. ಬೀದಿನಾಯಿಗೆ ‘ಇಟ್’, ಮನೆಯಲ್ಲಿ ಹೆಸರಿಟ್ಟು ಸಾಕಿದ್ದಕ್ಕೆ ‘ಹಿ’, ‘ಶಿ’. ನಿಮ್ಮ ಎತ್ತನ್ನು ನೀವು ‘ಹಿ’ ಎಂದರೆ ಯಾರೂ ತಪ್ಪು ಎನ್ನುವುದಿಲ್ಲ.

ಒಂದು ಕಡೆ ಮಾತ್ರ ಮನುಷ್ಯರಿಗೆ ‘ಇಟ್’ ಬಂದರೂ ಅಗೌರವವಲ್ಲ. ಬಾಗಿಲು ತಟ್ಟಿದಾಗ ಒಳಗಿನಿಂದ ‘ಹೂ ಈಸ್ ಇಟ್?’ ಎಂದು ಕೇಳುತ್ತಾರೆ, ಹೊರಗಿನವರು ‘ಇಟ್ಸ್ ಮಿ’ ಎನ್ನುತ್ತಾರೆ. ಫೋನಿನಲ್ಲೂ ಇದೇ. ಯಾರೆಂದು ಇನ್ನೂ ಗೊತ್ತಾಗದಿರುವಾಗ ಗುರುತು ಕೇಳುವ, ಹೇಳುವ ಮಾತು ಅದು. ಗುರುತು ಸಿಕ್ಕ ಮರುಕ್ಷಣವೇ ‘ಹಿ’, ‘ಶಿ’ಗೆ ಬದಲಾಗುತ್ತದೆ.

ಎಚ್ಚರ: ಗೌರವದ ‘ಅವರು’ ಇಂಗ್ಲಿಷಿನಲ್ಲಿ ‘ದೇ’ ಆಗುವುದಿಲ್ಲ. ‘ಮೈ ಫಾದರ್ ಈಸ್ ಎ ಫಾರ್ಮರ್. ದೇ ಗ್ರೋ ಮೇಜ್’ ಎಂದರೆ ಮೆಕ್ಕೆಜೋಳ ಬೆಳೆಯುವವರು ಬೇರೆ ಯಾರೋ ಹಲವರು ಎಂದಾಗುತ್ತದೆ. ‘ಹಿ ಗ್ರೋಸ್ ಮೇಜ್’ ಎನ್ನಿ. ಅಪ್ಪನಿಗೆ ‘ಹಿ’ ಎಂದರೆ ಏಕವಚನದಲ್ಲಿ ಕರೆದಂತೆ ಎಂದು ಹಲವರಿಗೆ ನಾಲಿಗೆ ಏಳುವುದಿಲ್ಲ, ನನಗೆ ಅದು ಅರ್ಥವಾಗುತ್ತದೆ. ಆದರೆ ಇಂಗ್ಲಿಷಿನಲ್ಲಿ ‘ಹಿ’ಗೆ ಆ ಸಲಿಗೆಯ ಅರ್ಥ ಇಲ್ಲ. ದೊಡ್ಡವರಿಗೂ ಅದೇ ಪದ.

ಹಂತ 5: ಮಳೆ, ಹೊತ್ತು, ದಾರಿ

ಮಣೆ ತುಂಬುವ ‘ಇಟ್’ ಅತಿ ಹೆಚ್ಚು ಕಾಣುವುದು ಹವಾಮಾನ, ಸಮಯ, ದೂರದ ಮಾತಿನಲ್ಲಿ. ನಮ್ಮ ಕನ್ನಡದಲ್ಲಿ ಮಳೆ ಬರುತ್ತದೆ, ಗಾಳಿ ಬೀಸುತ್ತದೆ, ಸೆಕೆ ಆಗುತ್ತದೆ. ಇಂಗ್ಲಿಷಿನಲ್ಲಿ ‘ರೇನ್’ ಎಂಬುದೇ ಕ್ರಿಯಾಪದ, ‘ಮಳೆಸುರಿ’ ಎಂಬಂತೆ. ಸುರಿಯುವುದು ಯಾವುದು ಎಂದು ಕೇಳಿದರೆ ಉತ್ತರವಿಲ್ಲ, ಅದಕ್ಕೇ ‘ಇಟ್’. ‘ರೇನ್ ಈಸ್ ಕಮಿಂಗ್’ ಎಂದರೂ ಅರ್ಥವಾಗುತ್ತದೆ, ಆದರೆ ಕೇಳಿದವರು ಜೋಗಿಮಟ್ಟಿ ಕಡೆ ಮೋಡ ಕಟ್ಟಿದೆ, ಇನ್ನೇನು ಸುರಿಯಬಹುದು ಎಂದುಕೊಳ್ಳುತ್ತಾರೆ. ಈಗ ಸುರಿಯುತ್ತಿದ್ದರೆ ‘ಇಟ್ ಈಸ್ ರೇನಿಂಗ್’.

ಸೆಕೆಗೆ ‘ಇಟ್ ಈಸ್ ಹಾಟ್ ಟುಡೇ’. ಹೊತ್ತಾಯಿತು ಎನ್ನಲು ‘ಇಟ್ ಈಸ್ ಗೆಟಿಂಗ್ ಲೇಟ್’. ಗಂಟೆಗೆ ‘ಇಟ್ ಈಸ್ ಫೈವ್ ಓ ಕ್ಲಾಕ್’. ವಾರಕ್ಕೆ ‘ಇಟ್ ಈಸ್ ಮಂಡೇ’. ದೂರಕ್ಕೆ ‘ಇಟ್ ಈಸ್ ಅಬೌಟ್ 60 ಕಿಲೋಮೀಟರ್ಸ್ ಫ್ರಮ್ ದಾವಣಗೆರೆ ಟು ಚಿತ್ರದುರ್ಗ’. ಕನ್ನಡದಲ್ಲಿ ‘ದಾವಣಗೆರೆಯಿಂದ ದುರ್ಗಕ್ಕೆ 60 ಕಿಲೋಮೀಟರ್’ ಎಂದರೆ ಕ್ರಿಯಾಪದವೇ ಬೇಡ, ಇಂಗ್ಲಿಷಿನಲ್ಲಿ ಕ್ರಿಯಾಪದವೂ ಬೇಕು, ಅದರ ಹಿಂದೆ ಮಣೆ ತುಂಬಲು ‘ಇಟ್’ ಕೂಡ ಬೇಕು. ಎಷ್ಟು ಹೊತ್ತು ಹಿಡಿಯುತ್ತದೆ ಎನ್ನಲು ‘ಇಟ್ ಟೇಕ್ಸ್’: ‘ಇಟ್ ಟೇಕ್ಸ್ ಅಬೌಟ್ ಆನ್ ಅವರ್ ಬೈ ಕಾರ್’.

ಇಲ್ಲಿ ‘ನನಗೆ’ ಎಂಬ ಪದ ಸಿಕ್ಕಿದ ಕೂಡಲೇ ನಿಂತು ಯೋಚಿಸಿ. ‘ನನಗೆ ಚಳಿ ಆಗ್ತೈತೆ’ ಎಂದರೆ ‘ಇಟ್ ಈಸ್ ಕೋಲ್ಡ್ ಟು ಮಿ’ ಅಲ್ಲ, ‘ಐ ಆಮ್ ಫೀಲಿಂಗ್ ಕೋಲ್ಡ್’. ‘ನನಗೆ ಹಸಿವು’ ಎಂದರೆ ‘ಐ ಆಮ್ ಹಂಗ್ರಿ’. ‘ನನಗೆ ಬೆಣ್ಣೆದೋಸೆ ಇಷ್ಟ’ ಎಂದರೆ ‘ಐ ಲೈಕ್ ಬೆಣ್ಣೆದೋಸೆ’. ಮೈಗೆ, ಮನಸ್ಸಿಗೆ ಆಗುವುದಕ್ಕೆಲ್ಲ ಮಣೆಯ ಮೇಲೆ ‘ಐ’ ಕೂರುತ್ತದೆ.

ಆದರೆ ‘ನನಗೆ ಕಷ್ಟ’, ‘ನನಗೆ ಆಗಲ್ಲ’ ಎಂಬಲ್ಲಿ ಇದು ತಿರುಗುಮುರುಗು. ‘ಟುಮಾರೋ ಐ ಆಮ್ ನಾಟ್ ಪಾಸಿಬಲ್’ ಎಂದು ನಮ್ಮ ಊರಿನಲ್ಲಿ ದಿನಕ್ಕೊಮ್ಮೆಯಾದರೂ ಕೇಳುತ್ತೇನೆ. ಸಾಧ್ಯ, ಅಸಾಧ್ಯ ಎಂಬುದು ಕೆಲಸಕ್ಕೆ ಹೇಳುವ ಮಾತು, ನಮಗಲ್ಲ. ‘ಇಟ್ ಈಸ್ ನಾಟ್ ಪಾಸಿಬಲ್ ಫಾರ್ ಮಿ’ ಎನ್ನಬೇಕು. ‘ಐ ಆಮ್ ಡಿಫಿಕಲ್ಟ್’ ಎಂದರಂತೂ ‘ನಾನು ಕಿರಿಕಿರಿಯ ಮನುಷ್ಯ’ ಎಂದು ನೀವೇ ಒಪ್ಪಿಕೊಂಡಂತೆ. ‘ಇಟ್ ಈಸ್ ಡಿಫಿಕಲ್ಟ್ ಫಾರ್ ಮಿ ಟು ಕಮ್’ ಎನ್ನಿ. ಕೆಲಸ ಹುಡುಕುತ್ತಿರುವ ಮಕ್ಕಳು ಸಂದರ್ಶನದಲ್ಲಿ ಈ ವಾಕ್ಯ ತಪ್ಪು ಹೇಳಿದಾಗ ನನಗೆ ಸಂಕಟವಾಗುತ್ತದೆ. ಅವರ ಜಾಣತನಕ್ಕೂ ಈ ತಪ್ಪಿಗೂ ಸಂಬಂಧವಿಲ್ಲ, ಯಾರೂ ಹೇಳಿಕೊಟ್ಟಿಲ್ಲ ಅಷ್ಟೇ.

ಹಂತ 6: ‘ಐತೆ’ ಎಂದಾಗ ‘ಇಟ್’ ಬೇಕೋ ‘ದೇರ್’ ಬೇಕೋ

‘ಆರು ಗಂಟೆಗೆ ಒಂದು ಬಸ್ಸೈತೆ.’ ಇದನ್ನು ‘ಇಟ್ ಈಸ್ ಎ ಬಸ್ ಅಟ್ ಸಿಕ್ಸ್’ ಎಂದರೆ ‘ಅದು ಆರು ಗಂಟೆಗೆ ಬಸ್ಸಾಗಿರುತ್ತದೆ’ ಎಂಬಂತೆ ಕೇಳುತ್ತದೆ. ಹೊಸದಾಗಿ ಒಂದು ವಸ್ತು ಇದೆ ಎಂದು ಮೊದಲ ಸಲ ಹೇಳುವಾಗ ‘ದೇರ್ ಈಸ್’. ಆ ವಸ್ತುವಿನ ಬಗ್ಗೆ ಮುಂದಿನ ಮಾತು ಹೇಳುವಾಗ ‘ಇಟ್’. ‘ದೇರ್ ಈಸ್ ಎ ಬಸ್ ಅಟ್ ಸಿಕ್ಸ್. ಇಟ್ ಗೋಸ್ ಟು ಹರಿಹರ.’ ಮೊದಲು ಪರಿಚಯ, ಆಮೇಲೆ ಸುದ್ದಿ.

‘ಇಲ್ಲ’ ಎಂಬುದಕ್ಕೂ ಇದೇ. ಕರೆಂಟ್ ಇಲ್ಲ ಎಂದರೆ ‘ದೇರ್ ಈಸ್ ನೋ ಪವರ್’. ನೀರಿಲ್ಲ ಎಂದರೆ ‘ದೇರ್ ಈಸ್ ನೋ ವಾಟರ್’. ಇಲ್ಲಿ ‘ಇಟ್’ ಬರಕೂಡದು.

ಹಂತ 7: ಭಾರ ಹಿಂದಕ್ಕೆ

ಕನ್ನಡದಲ್ಲಿ ಉದ್ದ ವಿಷಯವನ್ನೆಲ್ಲ ಮೊದಲು ಹೇಳಿ ಕೊನೆಯಲ್ಲಿ ತೀರ್ಪು ಕೊಡುತ್ತೇವೆ: ‘ಬೇಸಿಗೆಯ ಮಧ್ಯಾಹ್ನ ಚಿತ್ರದುರ್ಗದ ಕೋಟೆ ಹತ್ತೋದು ಕಷ್ಟ.’ ಇಂಗ್ಲಿಷ್ ತೀರ್ಪನ್ನು ಮೊದಲು ಹೇಳಿ ಉದ್ದದ್ದನ್ನು ಹಿಂದಕ್ಕೆ ತಳ್ಳುತ್ತದೆ. ಹಿಂದಕ್ಕೆ ತಳ್ಳಿದಾಗ ಮೊದಲ ಮಣೆ ಮತ್ತೆ ಖಾಲಿ, ಅಲ್ಲಿಗೆ ‘ಇಟ್’ ಬರುತ್ತದೆ. ‘ಇಟ್ ಈಸ್ ಹಾರ್ಡ್ ಟು ಕ್ಲೈಂಬ್ ದ ಫೋರ್ಟ್ ಆನ್ ಎ ಸಮ್ಮರ್ ಆಫ್ಟರ್‌ನೂನ್.’ ಈ ‘ಇಟ್’ ಮುಂದೆ ಬರುವುದಕ್ಕೆ ಟವೆಲ್ ಹಾಕಿ ಸೀಟು ಹಿಡಿದಂತೆ. ‘ನೀವು ಬಂದದ್ದು ಒಳ್ಳೇದಾಯಿತು’ ಎಂದರೆ ‘ಇಟ್ ಈಸ್ ಗುಡ್ ದಟ್ ಯು ಕೇಮ್’. ‘ಐ ಫೈಂಡ್ ಇಟ್ ಡಿಫಿಕಲ್ಟ್ ಟು ರೀಡ್ ದಿಸ್’ ಎಂಬಲ್ಲಿ ನಡುವಿನ ‘ಇಟ್’ ಕೂಡ ಅದೇ ಕೆಲಸ ಮಾಡುತ್ತಿದೆ, ಬಿಡಬೇಡಿ.

ಇನ್ನೊಂದು ರೂಪವಿದೆ. ಇದು ನನಗೆ ಬಹಳ ಇಷ್ಟ, ಏಕೆಂದರೆ ಇಲ್ಲಿ ಕನ್ನಡಿಗರಿಗೆ ಅರ್ಧ ದಾರಿ ಆಗಲೇ ಗೊತ್ತಿದೆ. ‘ಓಬವ್ವ ಸೈನಿಕರನ್ನು ತಡೆದಳು’ ಎಂಬುದು ಬರೀ ಸುದ್ದಿ. ‘ಸೈನಿಕರನ್ನು ತಡೆದದ್ದು ಓಬವ್ವ’ ಎಂದರೆ ಒತ್ತು ಓಬವ್ವನ ಮೇಲೆ ಬೀಳುತ್ತದೆ. ಬೇರೆ ಯಾರೂ ಅಲ್ಲ, ಅವಳೇ. ಇಂಗ್ಲಿಷಿನಲ್ಲಿ ಈ ಒತ್ತು ಕೊಡುವ ಒಂದು ದಾರಿ ‘ಇಟ್’: ‘ಇಟ್ ವಾಸ್ ಓಬವ್ವ ಹೂ ಸ್ಟಾಪ್ಡ್ ದ ಸೋಲ್ಜರ್ಸ್.’ ಮನೆಯಲ್ಲಿ ‘-ದ್ದು’ ಎಂದು ಮುಗಿಸಿ ಹೆಸರು ಹೇಳುವ ವಾಕ್ಯ ಬಾಯಿಗೆ ಬಂದಾಗಲೆಲ್ಲ ಇದನ್ನು ಕಟ್ಟಿ ನೋಡಿ. ‘ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ’ ಎಂದರೆ ‘ಇಟ್ ವಾಸ್ ಇನ್ 1997 ದಟ್ ದಾವಣಗೆರೆ ಬಿಕೇಮ್ ಎ ಡಿಸ್ಟ್ರಿಕ್ಟ್’. ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ‘ಇಟ್ ವಾಸ್ ಇನ್ 2022 ದಟ್ ದ ಡ್ಯಾಮ್ ಓವರ್‌ಫ್ಲೋಡ್ ಅಗೇನ್.’ ಮನುಷ್ಯರಾದರೆ ನಡುವೆ ‘ಹೂ’, ಉಳಿದದ್ದಕ್ಕೆ ‘ದಟ್’.

ಎಚ್ಚರ: ಹಲವರ ಬಗ್ಗೆ ಹೇಳುವಾಗಲೂ ಇಲ್ಲಿ ‘ಇಟ್’ ಬದಲಾಗುವುದಿಲ್ಲ. ‘ಇಟ್ ವಾಸ್ ದ ಚಿಲ್ಡ್ರನ್ ಹೂ ಕ್ಲೀನ್ಡ್ ದ ರೂಮ್’ ಸರಿ, ‘ದೇ ವರ್ ದ ಚಿಲ್ಡ್ರನ್’ ಎಂದರೆ ಒತ್ತು ಹೋಗಿ ಅರ್ಥವೇ ಬೇರೆ ಆಗುತ್ತದೆ.

ಹಂತ 8: ಎರಡು ‘ಇಟ್ಸ್’

ಕಿವಿಗೆ ಎರಡೂ ಒಂದೇ, ಬರೆಯುವಾಗ ಬೇರೆ. ಒಂದು ‘ಇಟ್ಸ್’ನಲ್ಲಿ ‘ಟಿ’ ಮತ್ತು ‘ಎಸ್’ ಅಕ್ಷರಗಳ ನಡುವೆ ಮೇಲೆ ಅಲ್ಪವಿರಾಮದಂಥ ಗುರುತು ತೂಗುತ್ತದೆ, ಅದರ ಹೆಸರು ಅಪಾಸ್ಟ್ರಫಿ. ಇದು ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎಂಬುದರ ಮಡಿಕೆ. ಗುರುತಿಲ್ಲದ ‘ಇಟ್ಸ್’ ಎಂದರೆ ‘ಅದರ’. ‘ದ ಫೋರ್ಟ್ ಅಂಡ್ ಇಟ್ಸ್ ವಾಲ್ಸ್’ ಎಂಬಲ್ಲಿ ಗುರುತು ಬೇಡ.

ಗೊಂದಲ ಯಾಕೆಂದರೆ ‘ರಾಮನ ಪುಸ್ತಕ’ ಎನ್ನಲು ‘ರಾಮಾಸ್ ಬುಕ್’ ಎಂದು ಬರೆಯುವಾಗ ಅದೇ ಗುರುತು ಹಾಕುತ್ತೇವೆ. ಹೆಸರಿಗೆ ಗುರುತು ಉಂಟು, ಸರ್ವನಾಮಕ್ಕೆ ಇಲ್ಲ. ‘ಹಿಸ್’, ‘ಹರ್ಸ್’, ‘ಯುವರ್ಸ್’ ಯಾವುದಕ್ಕೂ ಇಲ್ಲ ಎಂದು ನೆನಪಿಟ್ಟರೆ ‘ಇಟ್ಸ್’ ಕೂಡ ಆ ಸಾಲಿನಲ್ಲೇ ಕೂರುತ್ತದೆ. ನಿಮ್ಮ ತಲೆ ಕೆಟ್ಟರೆ ಅಚ್ಚರಿಯಿಲ್ಲ, ಇಂಗ್ಲಿಷರ ತಲೆಯೂ ಬಹಳ ಕಾಲ ಕೆಟ್ಟಿತ್ತು. ಹಳೆಯ ಇಂಗ್ಲಿಷಿನಲ್ಲಿ ‘ಇಟ್’ ಎಂಬುದು ‘ಹಿಟ್’ ಆಗಿತ್ತು, ‘ಅದರ’ ಎನ್ನಲು ‘ಹಿಸ್’ ಎಂದೇ ಹೇಳುತ್ತಿದ್ದರು. ‘ಇಟ್ಸ್’ ಬಳಕೆಗೆ ಬಂದದ್ದು ಹದಿನಾರನೇ ಶತಮಾನದ ಕೊನೆಯ ಹೊತ್ತಿಗೆ. 1611ರಲ್ಲಿ ಅಚ್ಚಾದ ಪ್ರಸಿದ್ಧ ಇಂಗ್ಲಿಷ್ ಬೈಬಲ್ಲಿನ ಮೊದಲ ಮುದ್ರಣದಲ್ಲಿ ಈ ಪದವೇ ಇರಲಿಲ್ಲ. ಬಂದ ಮೇಲೂ ಸುಮಾರು ಇನ್ನೂರು ವರ್ಷ ‘ಅದರ’ ಎಂಬ ಅರ್ಥದಲ್ಲೂ ಗುರುತು ಹಾಕಿ ಬರೆಯುವವರಿದ್ದರು.

ಪರೀಕ್ಷೆ ಸುಲಭ. ಅನುಮಾನ ಬಂದಾಗ ಮಡಿಕೆ ಬಿಚ್ಚಿ ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎಂದು ಓದಿ. ಓದಲು ಬಂದರೆ ಗುರುತು ಹಾಕಿ, ಬರದಿದ್ದರೆ ಬೇಡ. ಫೋನ್ ತಾನಾಗಿ ತಿದ್ದುವಾಗ ಬಹಳ ಸಲ ಬೇಡದ ಕಡೆ ಗುರುತು ಸೇರಿಸುತ್ತದೆ, ಕಳಿಸುವ ಮುಂಚೆ ನೋಡಿ.

ಹಂತ 9: ಬಾಯಲ್ಲಿ ಹೇಗೆ

ಕಿರಿದಾದ ‘ಇ’. ಎಳೆದು ‘ಈಟ್’ ಎಂದರೆ ‘ತಿನ್ನು’ ಎಂದಾಗುತ್ತದೆ. ಕೊನೆಗೆ ಉಕಾರ ಸೇರಿಸಿ ‘ಇಟ್ಟು’ ಎನ್ನಬೇಡಿ, ‘ಟ್’ ಬಳಿ ನಾಲಿಗೆ ನಿಲ್ಲಿಸಿ.

ಹಂತ 10: ಒಂದು ರಜೆ ಚೀಟಿಯ ಮೇಲೆ ಎಲ್ಲವನ್ನೂ ಹಚ್ಚಿ ನೋಡಿ

ನಮ್ಮ ಮಕ್ಕಳು ಬರೆಯುವ ಧಾಟಿಯಲ್ಲೇ ಒಂದು ಸಂದೇಶ ಕೊಡುತ್ತೇನೆ. ಪೆನ್ನು ಹಿಡಿದು ಮೊದಲು ನೀವೇ ತಿದ್ದಿ.

‘ಸರ್, ಐ ಆಮ್ ನಾಟ್ ಪಾಸಿಬಲ್ ಟು ಕಮ್ ಟುಡೇ. ಸಿನ್ಸ್ ಮಾರ್ನಿಂಗ್ ಹೆವಿ ರೇನಿಂಗ್ ಇನ್ ಅವರ್ ವಿಲೇಜ್. ಇಟ್ ಈಸ್ ನೋ ಬಸ್. ಟು ಕಾಲೇಜ್ 20 ಕಿಲೋಮೀಟರ್, ಸೋ ಟೂ ಫಾರ್ ಟು ವಾಕ್. ಮೈ ರೆಕಾರ್ಡ್ ಬುಕ್ ಇಟ್ ಈಸ್ ಕಂಪ್ಲೀಟ್. ಟುಮಾರೋ ಐ ವಿಲ್ ಸಬ್ಮಿಟ್.’

ಮೊದಲ ವಾಕ್ಯದಲ್ಲಿ ಅಸಾಧ್ಯವಾದದ್ದು ಬರುವುದು, ಹುಡುಗನಲ್ಲ. ಎರಡನೆಯದರಲ್ಲಿ ಮಣೆ ಖಾಲಿ. ಮೂರನೆಯದರಲ್ಲಿ ಬಸ್ಸಿನ ಪರಿಚಯವೇ ಆಗಿಲ್ಲ, ‘ದೇರ್’ ಬೇಕು. ನಾಲ್ಕನೆಯದರಲ್ಲಿ ದೂರಕ್ಕೂ ‘ಇಟ್’ ಇಲ್ಲ, ನಡಿಗೆಗೂ ಇಲ್ಲ. ಐದನೆಯದರಲ್ಲಿ ರೆಕಾರ್ಡ್ ಬುಕ್ಕಿನ ಮಣೆಗೇ ‘ಇಟ್’ ಬಂದು ಕೂತಿದೆ. ಕೊನೆಯದರಲ್ಲಿ ಏನನ್ನು ಸಬ್ಮಿಟ್ ಮಾಡುತ್ತಾನೆ ಎಂಬುದೇ ಬಿಟ್ಟುಹೋಗಿದೆ. ತಿದ್ದಿದ ಮೇಲೆ:

‘ಸರ್, ಇಟ್ ಈಸ್ ನಾಟ್ ಪಾಸಿಬಲ್ ಫಾರ್ ಮಿ ಟು ಕಮ್ ಟುಡೇ. ಇಟ್ ಹ್ಯಾಸ್ ಬೀನ್ ರೇನಿಂಗ್ ಹೆವಿಲಿ ಇನ್ ಅವರ್ ವಿಲೇಜ್ ಸಿನ್ಸ್ ಮಾರ್ನಿಂಗ್. ದೇರ್ ಈಸ್ ನೋ ಬಸ್. ಇಟ್ ಈಸ್ 20 ಕಿಲೋಮೀಟರ್ಸ್ ಟು ದ ಕಾಲೇಜ್, ಸೋ ಇಟ್ ಈಸ್ ಟೂ ಫಾರ್ ಟು ವಾಕ್. ಮೈ ರೆಕಾರ್ಡ್ ಬುಕ್ ಈಸ್ ಕಂಪ್ಲೀಟ್. ಐ ವಿಲ್ ಸಬ್ಮಿಟ್ ಇಟ್ ಟುಮಾರೋ.’

ಇದು ಬಂದರೆ ಈ ನಾಲ್ಕನ್ನು ಇಂಗ್ಲಿಷಿಗೆ ತನ್ನಿ: ‘ಫ್ಯಾನ್ ಆಫ್ ಮಾಡು ಅಂದ್ನಲ್ಲ, ಮಾಡಿದ್ಯಾ?’ ‘ಈ ಜೀನ್ಸ್ ತಗೊಂಡೆ, ಬಿಗಿ ಆಗ್ತೈತೆ.’ ‘ಬೀಗ ಹಾಕಿದ್ದು ಅಕ್ಕ.’ ‘ಇಲ್ಲಿಂದ ಸೂಳೆಕೆರೆ ಎಷ್ಟು ದೂರ?’

ಉತ್ತರ ಸರಿ ನೋಡಿಕೊಳ್ಳಿ. ‘ಐ ಆಸ್ಕ್ಡ್ ಯು ಟು ಸ್ವಿಚ್ ಆಫ್ ದ ಫ್ಯಾನ್. ಡಿಡ್ ಯು ಸ್ವಿಚ್ ಇಟ್ ಆಫ್?’ ‘ಐ ಬಾಟ್ ದೀಸ್ ಜೀನ್ಸ್. ದೇ ಆರ್ ಟೈಟ್.’ ‘ಇಟ್ ವಾಸ್ ಮೈ ಸಿಸ್ಟರ್ ಹೂ ಲಾಕ್ಡ್ ದ ಡೋರ್.’ ‘ಹೌ ಫಾರ್ ಈಸ್ ಇಟ್ ಫ್ರಮ್ ಹಿಯರ್ ಟು ಸೂಳೆಕೆರೆ?’ ಕೊನೆಯದರಲ್ಲಿ ‘ಇಟ್’ ಬಿಟ್ಟು ‘ಹೌ ಫಾರ್ ಈಸ್ ಫ್ರಮ್ ಹಿಯರ್’ ಎಂದು ಬರೆದಿದ್ದರೆ ಐದನೇ ಹಂತವನ್ನು ಇನ್ನೊಮ್ಮೆ ಓದಿ.